ಜಿಬ್ರಾಲ್ಟರ್‌ನಲ್ಲಿ ಕೋತಿ ಆಮೇಲೆ, ಮೊದಲು ಊರು: ಒಂದು ವಾಕಿಂಗ್ ಟೂರ್ ರಿವ್ಯೂ

ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಮುಂದೆ ಬರೆದಿದ್ದೇನೆ, ಕಾರಣ ಸಣ್ಣದಲ್ಲ. ಆದರೂ ಜಿಬ್ರಾಲ್ಟರ್‌ಗೆ ಹೋಗಿ ಒಂದಕ್ಕೆ ಮಾತ್ರ ದುಡ್ಡು ಖರ್ಚು ಮಾಡುವುದಾದರೆ ಇಂಥ ಟೂರ್‌ಗೇ ಮಾಡಿ. ಸ್ಥಳೀಯ ಗೈಡ್ ಒಬ್ಬರು ಊರೊಳಗೆ ನಡೆಸಿಕೊಂಡು ಹೋಗುತ್ತಾರೆ. ಈ ಜಾಗ ಯಾರದು, ಯಾರು ಆಳುತ್ತಾರೆ, ಇಲ್ಲಿನ ಜನ ಎಲ್ಲಿಂದ ಬಂದರು ಅಂತ ದಾರಿಯುದ್ದಕ್ಕೂ ಹೇಳುತ್ತಾರೆ.

ಇಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ದಕ್ಷಿಣ ಸ್ಪೇನ್‌ನ ಬೀಚ್ ಊರುಗಳಿಂದ ಬಸ್ಸಿನಲ್ಲಿ ಬರುತ್ತಾರೆ, ಇಲ್ಲವೇ ಕ್ರೂಸ್ ಹಡಗಿನಿಂದ ಇಳಿಯುತ್ತಾರೆ. ಅರ್ಧ ದಿನ ಇರುತ್ತಾರೆ. ವ್ಯಾನ್ ಹತ್ತಿ ಬೆಟ್ಟದ ಮೇಲೆ ಹೋಗಿ, ಕೋತಿ ಜೊತೆ ಫೋಟೋ ತೆಗೆದು, ಇಳಿದು ಬಂದು ಮೇನ್ ಸ್ಟ್ರೀಟ್‌ನಲ್ಲಿ ಪರ್ಫ್ಯೂಮ್, ಮದ್ಯ ಕೊಂಡು ವಾಪಸ್. ಅದರಲ್ಲಿ ತಪ್ಪೇನಿಲ್ಲ. ಆದರೆ ಅಷ್ಟು ದೂರ ಹೋಗಿ ಅಲ್ಲಿನ ಜನರ ಕಥೆ ಕೇಳದೆ ಬಂದರೆ ನಷ್ಟ ನಮಗೇ ಅಲ್ವಾ?

ಟೂರ್ ಶುರುವಾಗುವುದು ಗಡಿಯಲ್ಲೇ. ಸ್ಪೇನ್ ಕಡೆಯ ಊರು ಲಾ ಲಿನೇಯಾ. ಅಲ್ಲಿಂದ ನಡೆದುಕೊಂಡೇ ದಾಟಬಹುದು. ನಾವು ಹೋದಾಗ ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋದೆವು, ಗೈಡ್ ಈಚೆ ಕಡೆ ಕಾಯುತ್ತಿದ್ದರು. ನಿವೃತ್ತ ಶಿಕ್ಷಕಿ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮೊದಲ ಮಾತಿನಲ್ಲೇ ಲೆಕ್ಕ ಕೊಟ್ಟರು. ಇಡೀ ಜಿಬ್ರಾಲ್ಟರ್ 6.8 ಚದರ ಕಿಲೋಮೀಟರ್, ಜನ ಸುಮಾರು 34 ಸಾವಿರ, ಗಡಿಯ ಉದ್ದ 1.2 ಕಿಲೋಮೀಟರ್. ಇಷ್ಟು ಸಣ್ಣ ಜಾಗಕ್ಕೆ ಸ್ವಂತ ಪಾರ್ಲಿಮೆಂಟ್, ಸ್ವಂತ ತೆರಿಗೆ, ಸ್ವಂತ ನೋಟು, ಸ್ವಂತ ಪೊಲೀಸ್, ಸ್ವಂತ ಫುಟ್‌ಬಾಲ್ ತಂಡ ಎಲ್ಲ ಇದೆ. ಆದರೂ ಇದು ದೇಶವಲ್ಲ, ಬ್ರಿಟನ್‌ನ ಸಾಗರೋತ್ತರ ಪ್ರದೇಶ. ವಿಶ್ವಸಂಸ್ಥೆ ಇದನ್ನು ಇಂದಿಗೂ ಸ್ವಯಂ ಆಡಳಿತ ಸಿಗದ ಪ್ರದೇಶಗಳ ಪಟ್ಟಿಯಲ್ಲೇ ಇಟ್ಟಿದೆ. ಅದನ್ನು ಹೇಳುವಾಗ ಗೈಡ್ ದನಿ ಸ್ವಲ್ಪ ಗಟ್ಟಿಯಾಯಿತು. ಅವರಿಗೆ ಅದು ಇಷ್ಟವಿಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು.

ಗಡಿ ದಾಟಿದ ಕೂಡಲೇ ಸಿಗುವುದು ವಿಮಾನ ನಿಲ್ದಾಣದ ರನ್‌ವೇ. ಊರಿಗೆ ಅದರ ಮೇಲೇ ನಡೆದು ಹೋಗಬಹುದು. 2023ರ ಮಾರ್ಚ್‌ವರೆಗೆ ಕಾರು ಬಸ್ಸುಗಳೂ ಇದನ್ನೇ ದಾಟುತ್ತಿದ್ದವು. ಈಗ ಅವಕ್ಕೆ ರನ್‌ವೇ ಕೆಳಗೆ ಸುರಂಗ ಮಾಡಿದ್ದಾರೆ, ನಡೆಯುವವರು ಮಾತ್ರ ಇನ್ನೂ ಮೇಲೇ ಹೋಗಬಹುದು. ವಿಮಾನ ಬರುವ ಹೊತ್ತಿಗೆ ಗೇಟು ಹಾಕುತ್ತಾರೆ. ಪ್ರವಾಸಿಗಳಿಗೆ ಇದು ಮಜಾ, ಎಲ್ಲರೂ ಮಧ್ಯದಲ್ಲಿ ನಿಂತು ಫೋಟೋ ತೆಗೆಯುತ್ತಾರೆ. ಗೈಡ್ ಮಾತ್ರ ಇಲ್ಲೇ ಅಸಲಿ ವಿಷಯ ಶುರು ಮಾಡಿದರು.

ರನ್‌ವೇ ಇರುವುದು ಬೆಟ್ಟವನ್ನೂ ಸ್ಪೇನ್‌ನ ನೆಲವನ್ನೂ ಜೋಡಿಸುವ ಸಪಾಟು ಮರಳು ನೆಲದ ಮೇಲೆ. ಬ್ರಿಟಿಷರು ಮತ್ತು ಡಚ್ಚರು ಸೇರಿ 1704ರಲ್ಲಿ ಜಿಬ್ರಾಲ್ಟರ್ ಹಿಡಿದರು. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಸ್ಪೇನ್ ಅದನ್ನು ಬ್ರಿಟನ್‌ಗೆ ಬಿಟ್ಟುಕೊಟ್ಟಿತು. ಆದರೆ ಕೊಟ್ಟದ್ದು ಊರು, ಕೋಟೆ, ಬಂದರು ಅಷ್ಟೇ, ಈ ಮರಳು ನೆಲ ಕೊಟ್ಟಿಲ್ಲ ಅನ್ನುವುದು ಸ್ಪೇನ್‌ನ ವಾದ. ಬ್ರಿಟನ್ ಒಪ್ಪುವುದಿಲ್ಲ. ಅಂದರೆ ನಾವು ನಿಂತಿದ್ದ ಟಾರು ನೆಲವೇ ಜಗಳದ ನೆಲ. ಅದರಲ್ಲೂ ರನ್‌ವೇಯ ಪಶ್ಚಿಮದ ತುದಿ ಸಮುದ್ರದೊಳಗೆ ಚಾಚಿಕೊಂಡಿದೆ. ಎರಡನೇ ಮಹಾಯುದ್ಧದಲ್ಲಿ ಬೆಟ್ಟದೊಳಗೆ ಸುರಂಗ ಕೊರೆದಾಗ ಬಂದ ಕಲ್ಲುಮಣ್ಣನ್ನು ಕೊಲ್ಲಿಗೆ ಸುರಿದು ಅದನ್ನು ಕಟ್ಟಿದರು. ಬೆಟ್ಟದ ಹೊಟ್ಟೆಯಿಂದ ತೆಗೆದದ್ದೇ ರನ್‌ವೇ ಆಯಿತು. ಬೆಟ್ಟ ಎದುರಿಗೇ ನಿಂತಿರುವಾಗ ಈ ಮಾತು ಕೇಳುವುದೇ ಬೇರೆ.

ಬೆಟ್ಟದ ಬಗ್ಗೆಯೂ ಚೆನ್ನಾಗಿ ಹೇಳಿದರು. 426 ಮೀಟರ್ ಎತ್ತರದ ಸುಣ್ಣದ ಕಲ್ಲಿನ ಗುಡ್ಡ, ಉತ್ತರದಿಂದ ದಕ್ಷಿಣಕ್ಕೆ ಗೋಡೆ ಎದ್ದ ಹಾಗೆ ನಿಂತಿದೆ. ಪೂರ್ವದ ಕಡೆ ಕಡಿದಾಗಿ ಸಮುದ್ರಕ್ಕೆ ಇಳಿಯುತ್ತದೆ, ಪಶ್ಚಿಮದ ಕಡೆ ಸ್ವಲ್ಪ ಇಳಿಜಾರು. ಊರೆಲ್ಲ ಇರುವುದು ಪಶ್ಚಿಮದಲ್ಲಿ. ನಾವು ಹೋದ ದಿನ ಬೆಟ್ಟದ ನೆತ್ತಿಯ ಮೇಲೆ ಮಾತ್ರ ಒಂದು ಬೂದು ಮೋಡ ಕೂತಿತ್ತು, ಸುತ್ತ ಎಲ್ಲ ಕಡೆ ನೀಲಿ ಆಕಾಶ. ಪೂರ್ವದಿಂದ ಬೀಸುವ ಲೆವಾಂಟರ್ ಗಾಳಿ ಸಮುದ್ರದ ತೇವ ಹೊತ್ತು ತಂದು ಬೆಟ್ಟಕ್ಕೆ ಬಡಿಯುತ್ತದೆ, ಮೇಲೇರುವಾಗ ತಣ್ಣಗಾಗಿ ಮೋಡವಾಗುತ್ತದೆ. ಅದು ಊರಿನ ಮೇಲೆ ಚಾಚಿಕೊಳ್ಳುವುದರಿಂದ ಕೆಳಗೆ ಮಂಕು, ಸೆಕೆ. ಅದೇ ಹೊತ್ತಿಗೆ ಪಕ್ಕದ ಲಾ ಲಿನೇಯಾದಲ್ಲಿ ಬಿಸಿಲು.

ರನ್‌ವೇ ಮುಗಿಸಿ ಲ್ಯಾಂಡ್‌ಪೋರ್ಟ್ ಸುರಂಗದ ಮೂಲಕ ಕೇಸ್‌ಮೇಟ್ಸ್ ಚೌಕಕ್ಕೆ ಬಂದೆವು. ಹಿಂದೆ ನೆಲದ ಕಡೆಯಿಂದ ಊರೊಳಗೆ ಬರಲು ಇದ್ದದ್ದು ಇದೊಂದೇ ದಾರಿ. ಈಗ ಚೌಕದ ತುಂಬ ಹೋಟೆಲ್ ಮೇಜುಗಳು. ಹಿಂದೆ ಇಲ್ಲೇ ಜನರೆದುರು ಗಲ್ಲಿಗೆ ಹಾಕುತ್ತಿದ್ದರು ಅಂದರು, ಅದನ್ನು ಎರಡು ಮಾತಲ್ಲಿ ಮುಗಿಸಿದರು. ಸರಿಯಾಗಿಯೇ ಮಾಡಿದರು, ಅದಕ್ಕಿಂತ ಮುಖ್ಯವಾದದ್ದು ಮುಂದಿತ್ತು.

ಮೇನ್ ಸ್ಟ್ರೀಟ್‌ನಲ್ಲಿ ನಡೆಯುವಾಗ ಅವರು ಅಂಗಡಿ ತೋರಿಸುವುದಿಲ್ಲ, ಬೋರ್ಡುಗಳ ಮೇಲಿನ ಹೆಸರು ಓದಿಸುತ್ತಾರೆ. ಇದು ನನಗೆ ತುಂಬಾ ಹಿಡಿಸಿತು. ಒಂದು ಇಟಲಿಯ ಜಿನೋವಾದ ಹೆಸರು, ಒಂದು ಮಾಲ್ಟಾದ್ದು, ಒಂದು ಪೋರ್ಚುಗೀಸ್, ಒಂದು ಯಹೂದಿ ಮನೆತನದ್ದು, ಪಕ್ಕದಲ್ಲೇ ಸಿಂಧಿ ಹೆಸರು. 1704ರಲ್ಲಿ ಇಲ್ಲಿದ್ದ ಸ್ಪ್ಯಾನಿಷ್ ಜನರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಊರು ಬಿಟ್ಟು ಹೋದರು. ಖಾಲಿಯಾದ ಊರಿಗೆ ಸೈನ್ಯದ ಹಿಂದೆ ವ್ಯಾಪಾರಕ್ಕೆ, ಕೂಲಿಗೆ, ಮೀನುಗಾರಿಕೆಗೆ ಅಂತ ಮೆಡಿಟರೇನಿಯನ್‌ನ ಮೂಲೆಮೂಲೆಯಿಂದ ಜನ ಬಂದರು. ಉಟ್ರೆಕ್ಟ್ ಒಪ್ಪಂದದಲ್ಲಿ ಯಹೂದಿಗಳು ಮತ್ತು ಮೂರ್ ಜನ (ಉತ್ತರ ಆಫ್ರಿಕಾದ ಮುಸ್ಲಿಮರು) ಇಲ್ಲಿ ವಾಸ ಮಾಡಬಾರದು ಅಂತಲೇ ಬರೆದಿತ್ತು. ಆದರೆ ಕೋಟೆಗೆ ಊಟ, ತರಕಾರಿ, ಮಾಂಸ ಬರಬೇಕಿದ್ದದ್ದು ಮೊರಾಕೋದಿಂದ, ಆ ವ್ಯಾಪಾರ ಇದ್ದದ್ದು ಮೊರಾಕೋದ ಯಹೂದಿಗಳ ಕೈಯಲ್ಲಿ. ಹೊಟ್ಟೆಪಾಡು ಗೆದ್ದಿತು. 1729ರಲ್ಲಿ ಮೊರಾಕೋ ಸುಲ್ತಾನನ ಜೊತೆ ಒಪ್ಪಂದವಾಗಿ ಅವರಿಗೆ ಬಂದುಹೋಗಲು ಅವಕಾಶ ಸಿಕ್ಕಿತು, ಕ್ರಮೇಣ ಅವರು ಇಲ್ಲಿಯವರೇ ಆದರು. ಇವತ್ತೂ ಈ ಪುಟ್ಟ ಊರಲ್ಲಿ ಹಲವು ಸಿನಗಾಗ್‌ಗಳು, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಗಳಿವೆ.

ಸಿಂಧಿಗಳ ಕಥೆ ಕೇಳುವಾಗ ಗುಂಪಿನಲ್ಲಿದ್ದ ನಮ್ಮಂಥವರು ಕಿವಿ ನಿಮಿರಿಸಿದೆವು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಸಿಂಧ್‌ನ ಹೈದರಾಬಾದ್ ಕಡೆಯ ವ್ಯಾಪಾರಿಗಳು ಹಡಗು ದಾರಿ ಹಿಡಿದು ಒಂದೊಂದೇ ಬಂದರಿನಲ್ಲಿ ಅಂಗಡಿ ಇಟ್ಟರು, ಜಿಬ್ರಾಲ್ಟರ್‌ನಲ್ಲೂ ಇಟ್ಟರು. ರೇಷ್ಮೆ, ಕರಕುಶಲ ವಸ್ತುಗಳಿಂದ ಶುರುವಾಗಿ ಆಮೇಲೆ ಕ್ಯಾಮೆರಾ, ಎಲೆಕ್ಟ್ರಾನಿಕ್ಸ್ ವ್ಯಾಪಾರ ಅವರ ಕೈಗೆ ಬಂತು. ಹಿಂದೂಗಳು ಇಲ್ಲಿನ ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು ಇಬ್ಬರು. ಎಂಜಿನಿಯರ್ ಲೇನ್ ಅನ್ನುವ ಓಣಿಯಲ್ಲಿ ದೇವಸ್ಥಾನ ಇದೆ. ಟೂರ್ ಅಲ್ಲಿಗೆ ಹೋಗುವುದಿಲ್ಲ, ಓಣಿಯ ಬಾಯಲ್ಲಿ ನಿಂತು ಕೈ ತೋರಿಸುತ್ತಾರೆ. ಆಮೇಲೆ ನೀವೇ ಹೋಗಿ.

ಭಾಷೆಯನ್ನು ಅಲ್ಲಿಯೇ ಕೇಳಬೇಕು. ಗೈಡ್‌ಗೆ ಪರಿಚಯದವರು ಹೆಜ್ಜೆಗೊಬ್ಬರು ಸಿಗುತ್ತಾರೆ. ಒಬ್ಬ ಹಿರಿಯರು ಎದುರಾಗಿ ಮಾತಿಗೆ ನಿಂತರು. ಆಂದಲೂಸಿಯಾದ ಸ್ಪ್ಯಾನಿಷ್‌ನಲ್ಲಿ ಶುರುವಾದ ವಾಕ್ಯ ಮಧ್ಯದಲ್ಲಿ ಇಂಗ್ಲಿಷ್‌ಗೆ ತಿರುಗಿ ಮತ್ತೆ ಸ್ಪ್ಯಾನಿಷ್‌ನಲ್ಲಿ ಮುಗಿಯಿತು, ಇಬ್ಬರಿಗೂ ಅದು ಗಮನಕ್ಕೇ ಬಂದಂತಿರಲಿಲ್ಲ. ಇದೇ ಯಾನಿತೋ, ಇಲ್ಲಿನವರ ಆಡುಮಾತು. ಜಿನೋವಾ, ಮಾಲ್ಟಾ, ಹೀಬ್ರೂ ಪದಗಳೂ ಅದರೊಳಗೆ ಸೇರಿಕೊಂಡಿವೆ. ಶಾಲೆಯಲ್ಲಿ ಕಲಿಸುವುದು ಇಂಗ್ಲಿಷ್‌ನಲ್ಲಿ, ಟಿವಿ ಇಂಗ್ಲಿಷ್‌ನಲ್ಲಿ, ಹಾಗಾಗಿ ಮಕ್ಕಳು ಮನೆಯಲ್ಲೂ ಇಂಗ್ಲಿಷ್ ಮಾತಾಡುವುದು ಜಾಸ್ತಿಯಾಗಿದೆ ಅಂತ ಗೈಡ್ ಬೇಸರ ಮಾಡಿಕೊಂಡರು. ಮೊಮ್ಮಕ್ಕಳಿಗೆ ಅರ್ಥವಾಗುತ್ತದೆ, ಉತ್ತರ ಕೊಡುವುದು ಮಾತ್ರ ಇಂಗ್ಲಿಷ್‌ನಲ್ಲಂತೆ. ಈ ನೋವು ನನಗೆ ವಿವರಿಸಿ ಹೇಳಬೇಕಾಗಿರಲಿಲ್ಲ.

ನನ್ನ ಪ್ರಕಾರ ಇಡೀ ಟೂರ್‌ನ ಒಳ್ಳೆಯ ಭಾಗ ಜಾನ್ ಮ್ಯಾಕಿಂಟಾಶ್ ಚೌಕ. ಊರಿನವರು ಪಿಯಾಝಾ ಅನ್ನುತ್ತಾರೆ. ಪಾರ್ಲಿಮೆಂಟ್ ಕಟ್ಟಡ ಇರುವುದು ಇಲ್ಲೇ, ಮೇನ್ ಸ್ಟ್ರೀಟ್‌ಗೆ ಅಂಟಿಕೊಂಡು. 1817ರಲ್ಲಿ ವ್ಯಾಪಾರಿಗಳು ಚಂದಾ ಎತ್ತಿ ತಮಗಾಗಿ ಕಟ್ಟಿಕೊಂಡ ಕಟ್ಟಡ ಅದು. ಕಾರಣ, ಸೈನ್ಯದ ಅಧಿಕಾರಿಗಳ ಲೈಬ್ರರಿಗೆ ಅವರನ್ನು ಬಿಡುತ್ತಿರಲಿಲ್ಲ. ಮೊದಲು ಸೈನ್ಯವೇ ಎಲ್ಲ, ಜನ ಅಂದರೆ ಸೈನ್ಯಕ್ಕೆ ಸಾಮಾನು ಒದಗಿಸುವವರು ಅಷ್ಟೇ. ಅಂಥ ಕಟ್ಟಡದಲ್ಲಿ ಇವತ್ತು ಊರಿನ ಶಾಸನ ಸಭೆ ಕೂರುತ್ತದೆ. ಗೈಡ್ ಇದನ್ನು ಹೇಳಿ ಒಂದು ಕ್ಷಣ ಸುಮ್ಮನಾದರು, ಆಮೇಲೆ ಬೆಂಚಿನ ಮೇಲೆ ನಮ್ಮನ್ನೆಲ್ಲ ಕೂರಿಸಿ ಸರ್ಕಾರ ಹೇಗೆ ನಡೆಯುತ್ತದೆ ಅಂತ ಪಾಠ ಮಾಡಿದರು. ನಿವೃತ್ತ ಶಿಕ್ಷಕಿ ಅನ್ನುವುದು ಇಲ್ಲಿ ಗೊತ್ತಾಯಿತು.

ಪಾರ್ಲಿಮೆಂಟ್‌ನಲ್ಲಿ ಆಯ್ಕೆಯಾಗಿ ಬರುವವರು 17 ಜನ. ಇಡೀ ಜಿಬ್ರಾಲ್ಟರ್ ಒಂದೇ ಕ್ಷೇತ್ರ. ಪ್ರತಿ ಮತದಾರರಿಗೂ 10 ಮತ. ಒಂದು ಪಕ್ಷ 10 ಜನರನ್ನು ನಿಲ್ಲಿಸಿ ಬೆಂಬಲಿಗರಿಗೆ ಎಲ್ಲರಿಗೂ ಹಾಕಿ ಅನ್ನುತ್ತದೆ. ಹಾಗಾಗಿ ಸಾಮಾನ್ಯವಾಗಿ ಗೆದ್ದವರಿಗೆ 10, ಸೋತವರಿಗೆ 7. ಆದರೆ 2023ರ ಅಕ್ಟೋಬರ್ ಚುನಾವಣೆಯಲ್ಲಿ 9 ಮತ್ತು 8 ಆಯಿತು. ಕೆಲವರು ಎರಡೂ ಕಡೆಯ ಹೆಸರುಗಳಿಂದ ಆರಿಸಿಕೊಂಡು ಹಾಕಿದರೆ ಹೀಗಾಗುತ್ತದೆ. 2011ರ ಡಿಸೆಂಬರ್‌ನಿಂದ ಮುಖ್ಯಮಂತ್ರಿಯಾಗಿದ್ದ ಫೇಬಿಯನ್ ಪಿಕಾರ್ಡೋ ಅವರ ಮೈತ್ರಿಕೂಟ ಒಂದೇ ಸೀಟಿನ ಅಂತರದಲ್ಲಿ ಉಳಿದುಕೊಂಡಿತು.

ಹಾಗಾದರೆ ಬ್ರಿಟನ್ ಕೈಯಲ್ಲಿ ಏನಿದೆ? ಗುಂಪಿನಲ್ಲಿ ಒಬ್ಬರು ಕೇಳಿಯೇಬಿಟ್ಟರು. ರಕ್ಷಣೆ ಮತ್ತು ವಿದೇಶ ವ್ಯವಹಾರ ಬ್ರಿಟನ್‌ನದು, ಗವರ್ನರ್ ರಾಜನ ಪ್ರತಿನಿಧಿ. ತೆರಿಗೆ, ಶಾಲೆ, ಆಸ್ಪತ್ರೆ, ವಸತಿ ಎಲ್ಲ ಇಲ್ಲಿನ ಸರ್ಕಾರದ್ದು. ಈಗಿನ ಸಂವಿಧಾನ 2006ರದ್ದು. ಇಂಗ್ಲೆಂಡಿನ ಕಾನೂನು ಇಲ್ಲಿ ತಾನಾಗಿ ಜಾರಿಯಾಗುವುದಿಲ್ಲ ಅನ್ನುವುದಕ್ಕೆ ಅವರು ಕೊಟ್ಟ ಉದಾಹರಣೆ ಚೆನ್ನಾಗಿತ್ತು. ಗರ್ಭಪಾತಕ್ಕೆ ಇಂಗ್ಲೆಂಡ್‌ನಲ್ಲಿ 1967ರಲ್ಲೇ ಅವಕಾಶ ಸಿಕ್ಕಿತು. ಇಲ್ಲಿ 2021ರ ಜೂನ್‌ನಲ್ಲಿ ಜನಮತ ಕೇಳಿದ ಮೇಲೆ, ಸುಮಾರು 62 ಶೇಕಡಾ ಜನ ಒಪ್ಪಿದ ಮೇಲೆ ಬದಲಾಯಿತು. ಒಂದು ತಲೆಮಾರಿನ ಹೆಂಗಸರು ಅಷ್ಟು ವರ್ಷ ಗಡಿ ದಾಟಿ ಹೋಗಬೇಕಾಗಿತ್ತು ಅಂತ ಸ್ಪಷ್ಟವಾಗಿ ಹೇಳಿದರು. ಸ್ವಂತ ಆಡಳಿತದಲ್ಲಿ ಒಳ್ಳೆಯದರ ಜೊತೆ ಇಂಥದ್ದೂ ಬರುತ್ತದೆ ಅಂತ ಮುಚ್ಚಿಡದೆ ಹೇಳುವ ಗೈಡ್ ಎಲ್ಲಿ ಸಿಗುತ್ತಾರೆ ಹೇಳಿ?

ಅಲ್ಲೇ ಕೂತು ಗಡಿ ಮುಚ್ಚಿದ ಕಥೆಯನ್ನೂ ಹೇಳಿದರು. 1967ರ ಸೆಪ್ಟೆಂಬರ್ 10ರಂದು ಜನಮತ: ಸ್ಪೇನ್ ಆಳ್ವಿಕೆಗೆ ಹೋಗುತ್ತೀರೋ, ಬ್ರಿಟನ್ ಜೊತೆ ಇರುತ್ತೀರೋ? ಬ್ರಿಟನ್ ಪರ 12,138, ಸ್ಪೇನ್ ಪರ 44. ಆ ದಿನವೇ ಇವತ್ತು ಅವರ ರಾಷ್ಟ್ರೀಯ ದಿನ, ಊರೆಲ್ಲ ಕೆಂಪು ಬಿಳಿ ಬಟ್ಟೆ. 1969ರ ಮೇ ತಿಂಗಳಲ್ಲಿ ಹೊಸ ಸಂವಿಧಾನ ಬಂತು. ಇಲ್ಲಿನ ಜನರ ಇಷ್ಟಕ್ಕೆ ವಿರುದ್ಧವಾಗಿ ಅವರನ್ನು ಬೇರೆ ದೇಶಕ್ಕೆ ಒಪ್ಪಿಸುವುದಿಲ್ಲ ಅಂತ ಬ್ರಿಟನ್ ಅದರಲ್ಲಿ ಬರೆದುಕೊಟ್ಟಿತು. ಜೂನ್‌ನಲ್ಲಿ ಸ್ಪೇನ್‌ನ ಸರ್ವಾಧಿಕಾರಿ ಫ್ರಾಂಕೋ ಗಡಿಯ ಗೇಟು ಹಾಕಿಸಿದ. ಆಮೇಲೆ ಫೋನ್ ಲೈನೂ ಕಡಿದರು, ಕೊಲ್ಲಿಯಾಚೆಯ ಆಲ್ಜಿಸಿರಾಸ್‌ಗೆ ಹೋಗುತ್ತಿದ್ದ ಫೆರಿಯೂ ನಿಂತಿತು. ಅಕ್ಕ ಈಚೆ, ತಂಗಿ ಆಚೆ ಇದ್ದ ಮನೆಗಳು ಎಷ್ಟೋ. ಜನ ಬೇಲಿಯ ಎರಡೂ ಕಡೆ ನಿಂತು ಕೂಗಿ ಮಾತಾಡುತ್ತಿದ್ದರು, ಹುಟ್ಟಿದ ಮಗುವನ್ನು ಎತ್ತಿ ಹಿಡಿದು ತೋರಿಸುತ್ತಿದ್ದರು. ಗೈಡ್ ಅವರ ಅಜ್ಜಿ ಲಾ ಲಿನೇಯಾದವರು. ಭಾನುವಾರ ಬೇಲಿ ಹತ್ತಿರ ಹೋಗಿ ಅಜ್ಜಿಗೆ ಕೈ ಬೀಸುವುದು, ಗಾಳಿ ಜೋರಿದ್ದರೆ ಏನು ಹೇಳಿದರೂ ಕೇಳುತ್ತಿರಲಿಲ್ಲ. ನಡೆದು ಹೋಗುವವರಿಗೆ ಗೇಟು ತೆಗೆದದ್ದು 1982ರ ಡಿಸೆಂಬರ್‌ನಲ್ಲಿ, ಪೂರ್ತಿ ತೆರೆದದ್ದು 1985ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಅಜ್ಜಿ ಇರಲಿಲ್ಲ.

ಇದನ್ನು ಕೇಳಿದ ಮೇಲೆ 2002ರ ಇನ್ನೊಂದು ಮತದಾನ ಅರ್ಥವಾಗುತ್ತದೆ. ಬ್ರಿಟನ್ ಮತ್ತು ಸ್ಪೇನ್ ಸೇರಿ ಒಡೆತನ ಹಂಚಿಕೊಳ್ಳುವ ಮಾತು ಬಂದಾಗ 17,900 ಜನ ಬೇಡ ಅಂದರು, 187 ಜನ ಬೇಕು ಅಂದರು. ಬ್ರೆಕ್ಸಿಟ್‌ನಲ್ಲಿ ಮಾತ್ರ ಅವರ ಮಾತು ನಡೆಯಲಿಲ್ಲ. 96 ಶೇಕಡಾ ಜನ ಯುರೋಪ್ ಒಕ್ಕೂಟದಲ್ಲೇ ಇರೋಣ ಅಂದರೂ ಬ್ರಿಟನ್ ಜೊತೆ ಹೊರಗೆ ಹೋಗಬೇಕಾಯಿತು. ದಿನಾ ಸುಮಾರು 15 ಸಾವಿರ ಜನ ಸ್ಪೇನ್ ಕಡೆಯಿಂದ ಕೆಲಸಕ್ಕೆ ಬರುವ ಊರಿದು, ಗಡಿ ಬಿಗಿಯಾದರೆ ಆಸ್ಪತ್ರೆಯಿಂದ ಹೋಟೆಲ್‌ವರೆಗೆ ಎಲ್ಲವೂ ಕುಂಟುತ್ತದೆ. 2025ರ ಜೂನ್ 11ರಂದು ಬ್ರಿಟನ್ ಮತ್ತು ಯುರೋಪ್ ಒಕ್ಕೂಟದ ನಡುವೆ ಒಪ್ಪಂದದ ರೂಪುರೇಷೆಗೆ ಒಮ್ಮತವಾಯಿತು. ಅದರ ಪ್ರಕಾರ ನೆಲದ ಗಡಿಯಲ್ಲಿ ಜನರ ತಪಾಸಣೆ ಇರುವುದಿಲ್ಲ, ವಿಮಾನ ನಿಲ್ದಾಣ ಮತ್ತು ಬಂದರಿನಲ್ಲಿ ಎರಡೂ ಕಡೆಯವರ ತಪಾಸಣೆ ಇರುತ್ತದೆ. ಒಡೆತನದ ಪ್ರಶ್ನೆಯಲ್ಲಿ ಯಾರೂ ಪಟ್ಟು ಬಿಟ್ಟಿಲ್ಲ.

ಅಲ್ಲಿಂದ ಲೈನ್ ವಾಲ್ ರೋಡ್. ಹೆಸರೇ ಹೇಳುವ ಹಾಗೆ ಕೋಟೆ ಗೋಡೆಯ ಮೇಲಿನ ರಸ್ತೆ. ಹಳೆಯ ಫಿರಂಗಿಗಳು ಪಶ್ಚಿಮಕ್ಕೆ ಗುರಿಯಿಟ್ಟು ನಿಂತಿವೆ, ಆದರೆ ಎದುರಿಗಿರುವುದು ಅಪಾರ್ಟ್‌ಮೆಂಟ್‌ಗಳ ಬಾಲ್ಕನಿ, ಅಲ್ಲಿ ಒಣಗಲು ಹಾಕಿದ ಬಟ್ಟೆ. ಸಮುದ್ರ ಈ ಗೋಡೆಗೇ ಬಡಿಯುತ್ತಿತ್ತು. ಆಚೆ ಕಾಣುವ ಮನೆ, ಆಫೀಸು, ರಸ್ತೆ ಎಲ್ಲ ಸಮುದ್ರ ತುಂಬಿ ಮಾಡಿದ ನೆಲ. ಜಾಗವೇ ಇಲ್ಲದ ಊರು ಹೇಗೆ ಬೆಳೆಯುತ್ತದೆ ಅಂತ ಯಾವ ಮ್ಯೂಸಿಯಂ ಚಾರ್ಟಿಗಿಂತ ಚೆನ್ನಾಗಿ ಇಲ್ಲಿ ಕಾಣುತ್ತದೆ. ಐದು ನಿಮಿಷ ಜಾಸ್ತಿ ಕೇಳಿ ನಿಲ್ಲಿ.

ಯುದ್ಧದ ಕಾಲದಲ್ಲಿ ಊರಿನವರನ್ನು ಖಾಲಿ ಮಾಡಿಸಿದ ಕಥೆಯೂ ಇಲ್ಲೇ ಬರುತ್ತದೆ. 1940ರಲ್ಲಿ ಹೆಂಗಸರು, ಮಕ್ಕಳು, ಮುದುಕರನ್ನು ಮೊದಲು ಫ್ರೆಂಚರ ಕೈಯಲ್ಲಿದ್ದ ಮೊರಾಕೋಗೆ ಕಳಿಸಿದರು. ಫ್ರಾನ್ಸ್ ಸೋತ ಮೇಲೆ ಅಲ್ಲಿಂದ ಓಡಿಸಿದರು. ಆಮೇಲೆ ಲಂಡನ್, ಮದೀರಾ, ಜಮೈಕಾ. ಕೊನೆಯವರು ವಾಪಸ್ ಬಂದದ್ದು 1951ರಲ್ಲಿ. ಅಷ್ಟು ವರ್ಷ ಬೇರೆ ಬೇರೆ ಕಡೆ ಚದುರಿದವರಿಗೆ ನಾವೆಲ್ಲ ಒಂದೇ ಊರಿನವರು ಅನ್ನುವ ಭಾವನೆ ಬಲಿತದ್ದು ಆಗ, ವಾಪಸ್ ಬರುವ ಹಕ್ಕಿಗೆ ಹೋರಾಡುತ್ತಲೇ ರಾಜಕೀಯ ಸಂಘಟನೆ ಹುಟ್ಟಿತು. ನನಗೆ ಇದು ಹೊಸ ವಿಷಯ, ತುಂಬಾ ಹೊತ್ತು ತಲೆಯಲ್ಲಿ ಉಳಿಯಿತು.

ಆಮೇಲೆ ಕಾನ್ವೆಂಟ್ ಅಂತ ಕರೆಯುವ ಗವರ್ನರ್ ನಿವಾಸ, ಅದರೆದುರು ಮುಖ್ಯಮಂತ್ರಿ ಕಚೇರಿ. ರಸ್ತೆಯ ಈ ಬದಿ ರಾಜನ ಪ್ರತಿನಿಧಿ, ಆ ಬದಿ ಜನರ ಪ್ರತಿನಿಧಿ. ಟ್ರಫಾಲ್ಗರ್ ಸ್ಮಶಾನದ ಹತ್ತಿರ ಟೂರ್ ಮುಗಿಯುತ್ತದೆ.

ಈಗ ಕಡಿಮೆ ಮಾಡಿದ ಆ ಒಂದು ಸ್ಟಾರ್. ಗುಂಪು ದೊಡ್ಡದು, ಆಡಿಯೋ ಸೆಟ್ ಇಲ್ಲ. ರನ್‌ವೇ ಮೇಲೆ ಗಾಳಿಗೆ ಹಿಂದಿದ್ದವರಿಗೆ ಅರ್ಧ ಮಾತು ಕೇಳಿಸಲಿಲ್ಲ. ನಡೆಯಲು ಕಷ್ಟಪಡುವವರು ಇಬ್ಬರಿದ್ದರು, ಅವರಿಗೆ ಎಲ್ಲಿ ಮೆಟ್ಟಿಲಿದೆ, ಎಲ್ಲಿ ಟಾಯ್ಲೆಟ್ ಇದೆ ಅಂತ ಬುಕಿಂಗ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಇದನ್ನು ಆಯೋಜಕರು ಸುಲಭವಾಗಿ ಸರಿಮಾಡಬಹುದು.

ಅದಕ್ಕಿಂತ ದೊಡ್ಡ ಕೊರತೆ, ಕಥೆ ಒಂದೇ ಕಡೆಯಿಂದ ಬರುತ್ತದೆ. ಗಡಿ ಮುಚ್ಚಿದಾಗ ಲಾ ಲಿನೇಯಾದಲ್ಲಿ ಸಾವಿರಾರು ಕಾರ್ಮಿಕರು ಒಂದೇ ದಿನಕ್ಕೆ ಕೆಲಸ ಕಳೆದುಕೊಂಡರು, ಎಷ್ಟೋ ಜನ ಊರು ಬಿಟ್ಟರು. ಅವರ ಜಾಗಕ್ಕೆ ಮೊರಾಕೋದಿಂದ ಕಾರ್ಮಿಕರು ಬಂದು ಹಡಗುಕಟ್ಟೆ, ಹೋಟೆಲು, ಕಟ್ಟಡ ಕೆಲಸವನ್ನೆಲ್ಲ ಹೊತ್ತರು. ಹೆಂಡತಿ ಮಕ್ಕಳನ್ನು ಕರೆತರಲಾಗದೆ ಹಾಸ್ಟೆಲುಗಳಲ್ಲಿ ವರ್ಷಗಟ್ಟಲೆ ಕಳೆದರು. ನಾನು ಕೇಳಿದ ಮೇಲೆ ಗೈಡ್ ಅವರ ಬಗ್ಗೆ ಎರಡು ಮಾತು ಹೇಳಿದರು, ಗೌರವದಿಂದಲೇ ಹೇಳಿದರು. ಆದರೆ ಅದು ಟೂರ್‌ನ ಭಾಗವಾಗಿಯೇ ಇರಬೇಕು. ಊರು ನಿಂತದ್ದು ಅವರ ಬೆವರಿನಿಂದಲೂ ಹೌದಲ್ವಾ?

ಮೂರನೆಯದು, ಪೂರ್ವದ ಕಡೆ ಟೂರ್ ಹೋಗುವುದೇ ಇಲ್ಲ. ಅದಕ್ಕೆ ಮಧ್ಯಾಹ್ನ ಸಿಟಿ ಬಸ್ ಹತ್ತಿ ಕ್ಯಾಟಲನ್ ಬೇಗೆ ಹೋದೆವು. ಹೆಸರು ಕ್ಯಾಟಲನ್ ಅಂತಿದ್ದರೂ ನೆಲೆಸಿದ್ದು ಜಿನೋವಾದ ಮೀನುಗಾರರು. ಬಣ್ಣಬಣ್ಣದ ಸಣ್ಣ ಮನೆಗಳು, ಮುಂದೆ ಮರಳು, ಹಿಂದೆ ನೆಟ್ಟಗೆ ನಿಂತ ಕಲ್ಲು. ಅದರ ಮೇಲಿನ ಮರಳಿನ ಇಳಿಜಾರನ್ನು ನೋಡಿ. ಈ ಊರಿಗೆ ನದಿ ಇಲ್ಲ. 1903ರಿಂದ ಆ ಇಳಿಜಾರಿಗೆ ಮರದ ಚೌಕಟ್ಟು ಹೊಡೆದು ತಗಡು ಹೊದಿಸಿದರು. ಮಳೆ ನೀರು ತಗಡಿನ ಮೇಲೆ ಜಾರಿ ಕಾಲುವೆಗೆ ಬಿದ್ದು, ಬೆಟ್ಟದೊಳಗೆ ಕೊರೆದ ತೊಟ್ಟಿಗಳಿಗೆ ಹೋಗುತ್ತಿತ್ತು. ಈಗ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತಾರೆ, ತಗಡು ತೆಗೆದ ಜಾಗದಲ್ಲಿ ಗಿಡ ಬೆಳೆಯುತ್ತಿದೆ. ಶೌಚಾಲಯಕ್ಕೂ ಬೆಂಕಿ ಆರಿಸುವುದಕ್ಕೂ ಉಪ್ಪು ನೀರಿನ ಪೈಪು ಬೇರೆಯೇ ಇದೆ. ಇಂಥದ್ದನ್ನು ಬಿಟ್ಟು ಭೂಗೋಳ ಹೇಳುವುದು ಹೇಗೆ? ಇನ್ನೊಂದು ಗಂಟೆ ಸೇರಿಸಿ ಜಾಸ್ತಿ ದುಡ್ಡು ತಗೊಂಡರೂ ನಾನು ಕೊಡುತ್ತೇನೆ.

ಬೆಟ್ಟದ ಮೇಲಿನ ವ್ಯಾನ್ ಟೂರ್ ಬೇಡ ಅನ್ನುವುದಿಲ್ಲ, ಇದಾದ ಮೇಲೆ ಹೋಗಿ. ಯುರೋಪಿನಲ್ಲಿ ಕಾಡುಕೋತಿಗಳು ಇರುವುದು ಇಲ್ಲಿ ಮಾತ್ರ, ಬಾಲವಿಲ್ಲದ ಬಾರ್ಬರಿ ಜಾತಿ. ತಿಂಡಿ ಕೊಟ್ಟರೆ ದಂಡ ಬೀಳುತ್ತದೆ, ಬ್ಯಾಗಿನ ಜಿಪ್ ಹಾಕಿಟ್ಟುಕೊಳ್ಳಿ. ಮಹಾ ಮುತ್ತಿಗೆಯ ಸುರಂಗಗಳನ್ನು ಬಿಡಬೇಡಿ. 1779ರಿಂದ 1783ರವರೆಗೆ ಸ್ಪೇನ್ ಮತ್ತು ಫ್ರಾನ್ಸ್ ಮುತ್ತಿಗೆ ಹಾಕಿದ್ದಾಗ, 1782ರಲ್ಲಿ ಸಾರ್ಜೆಂಟ್ ಮೇಜರ್ ಹೆನ್ರಿ ಇನ್ಸ್ ಅವರ ತಂಡ ಕೈಯಿಂದ, ಸಿಡಿಮದ್ದಿನಿಂದ ಕೊರೆಯಲು ಶುರುಮಾಡಿತು. ಒಳಗೆ ಹೊಗೆಗೆ ಉಸಿರು ಕಟ್ಟಿ ಗಾಳಿಗೆ ಅಂತ ಪಕ್ಕದಲ್ಲಿ ಒಂದು ತೂತು ಹೊಡೆದರು. ನೋಡಿದರೆ ಅಲ್ಲಿಂದ ಶತ್ರುಗಳ ಸಾಲು ಪೂರ್ತಿ ಕಾಣುತ್ತಿತ್ತು, ಅಲ್ಲೇ ಫಿರಂಗಿ ಇಟ್ಟರು. ಆ ಕಿಂಡಿಯಲ್ಲಿ ಇವತ್ತು ಇಣುಕಿದರೆ ಕಾಣುವುದು ರನ್‌ವೇ ಮತ್ತು ಗಡಿ. ಬೆಳಿಗ್ಗೆ ನಡೆದು ಬಂದ ದಾರಿ ಪೂರ್ತಿ ಅರ್ಥವಾಗುವುದು ಇಲ್ಲಿ ನಿಂತಾಗ, ಅದಕ್ಕೇ ಈ ಕ್ರಮದಲ್ಲಿ ಹೋಗಿ ಅನ್ನುತ್ತಿದ್ದೇನೆ. ವ್ಯಾನ್‌ನವರು ಸುರಂಗದಲ್ಲಿ ತುಂಬಾ ಅವಸರ ಮಾಡುತ್ತಾರೆ, ಹತ್ತುವ ಮೊದಲೇ ಎಷ್ಟು ಹೊತ್ತು ಬಿಡುತ್ತೀರಿ ಅಂತ ಕೇಳಿಕೊಳ್ಳಿ.

ಊಟಕ್ಕೆ ಕಾಲೆಂತೀತಾ ಕೇಳಿ. ಕಡಲೆ ಹಿಟ್ಟಿಗೆ ನೀರು, ಎಣ್ಣೆ, ಉಪ್ಪು ಹಾಕಿ ಓವನ್‌ನಲ್ಲಿ ಬೇಯಿಸಿದ್ದು, ಮೇಲೆ ಗರಿಗರಿ, ಒಳಗೆ ಮೆತ್ತಗೆ. ಮಾಂಸ ತಿನ್ನದವರಿಗೂ ಆಗುತ್ತದೆ. ಎಲ್ಲ ಕಡೆ ಸಿಗುವುದಿಲ್ಲ, ಬೆಳಿಗ್ಗೆ ಬೇಕರಿಗಳಲ್ಲಿ ವಿಚಾರಿಸಿ.

ಹೋಗುವವರಿಗೆ ಕೊನೆಯದಾಗಿ ಎರಡು ವಿಷಯ. ವೀಸಾ ನಿಯಮವನ್ನು ಹೊರಡುವ ಮೊದಲು ಜಿಬ್ರಾಲ್ಟರ್ ಸರ್ಕಾರದ ವೆಬ್‌ಸೈಟ್‌ನಲ್ಲಿ ಹೊಸದಾಗಿ ನೋಡಿಕೊಳ್ಳಿ. ಗಡಿಯ ವ್ಯವಸ್ಥೆ ಬದಲಾಗುತ್ತಿರುವ ಕಾಲ ಇದು, ಹಿಂದಿನ ವರ್ಷ ಹೋಗಿಬಂದವರ ಮಾತು ನಂಬಿ ಹೊರಡಬೇಡಿ. ಇನ್ನು ದುಡ್ಡು: ಇಲ್ಲಿನ ಪೌಂಡ್ ಬ್ರಿಟನ್‌ನ ಪೌಂಡ್‌ಗೆ ಸರಿಸಮ, ಅಂಗಡಿಗಳಲ್ಲಿ ಯೂರೋ ಕೂಡ ತಗೊಳ್ಳುತ್ತಾರೆ ಆದರೆ ರೇಟು ನಮಗೆ ನಷ್ಟ. ಚಿಲ್ಲರೆಯಾಗಿ ಜಿಬ್ರಾಲ್ಟರ್ ನೋಟು ಕೊಟ್ಟರೆ ಅಲ್ಲೇ ಖರ್ಚು ಮಾಡಿ ಬನ್ನಿ, ಲಂಡನ್‌ನ ಅಂಗಡಿಗಳಲ್ಲಿ ಸಾಮಾನ್ಯವಾಗಿ ಅದನ್ನು ತಗೊಳ್ಳುವುದಿಲ್ಲ.